ದಿನಾಂಕದ ಫಿಲ್ಟರ್ ಹಾಕಿದ್ರ ಕಡೇ ದಿನದ ದಾಖಲೆ ಬರವಲ್ವು: ಗಂಟೆ-ನಿಮಿಷ ಬಿಟ್ಟು ಬರೇ ತಾರೀಖು ನೋಡೋದು ಹೆಂಗ?

ಮುಧೋಳದಾಂವ · ಸೋಮವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಸಕ್ಕರಿ ಕಾರ್ಖಾನಿ ಒಂದರ ವೇಬ್ರಿಡ್ಜ್ (ಗಾಡಿ ತೂಗೋ ಕಾಟಾ) ಸಾಫ್ಟ್‌ವೇರ್ ನಾ ನೋಡ್ಕೋತೀನಿ. ಎಸ್‌ಕ್ಯೂಎಲ್ ಸರ್ವರ್ 2014 ಡೇಟಾಬೇಸ್, ಅದರ ಮುಂದ ಹಳೇ ಡಾಟ್‌ನೆಟ್ ಅಪ್ಲಿಕೇಶನ್. ಜನವರಿ ತಿಂಗಳ ಕಬ್ಬಿನ ರಿಪೋರ್ಟ್ ತಗಿಯಾಕ ಹಿಂಗ ಬರದೀನಿ:

ಸೆಲೆಕ್ಟ್ * ಫ್ರಮ್ ತೂಕದ_ಚೀಟಿ
ವೇರ್ ತೂಕದ_ಸಮಯ ಬಿಟ್ವೀನ್ '2024-01-01' ಆ್ಯಂಡ್ '2024-01-31'

31ನೇ ತಾರೀಖಿನ ಚೀಟಿ ಒಂದೂ ಬರವಲ್ದು. ಸೋಜಿಗ ಅಂದ್ರ, ಹೋದ ಹಂಗಾಮಿನ ಜನವರಿ ತಗದ್ರ 31ನೇದ್ದೂ ಬರೋಬ್ಬರಿ ಬರ್ತೈತಿ. ಟೇಬಲ್ ಅದ, ಕ್ವೆರಿ ಅದ. ಬದಲಾಗಿದ್ದು ಒಂದ ಒಂದು: ಆಗ ಚೀಟಿ ನೋಡಿ ಕೈಲೆ ಎಂಟ್ರಿ ಮಾಡ್ತಿದ್ರು, ಈಗ ತೂಕದ ಮಷೀನ್ ನೇರ ಕಂಪ್ಯೂಟರಿಗೆ ಜೋಡಿಸೇವಿ. ಗಂಟೆ-ನಿಮಿಷದ ಉಸಾಬರಿ ನನಗ ಬ್ಯಾಡ, ಬರೇ ತಾರೀಖು ನೋಡಿ ತಗೀಬೇಕು. ಹೆಂಗ್ರಿ?


ಸೊನ್ನೆ_ಒಂದು · ಸೋಮವಾರ, ರಾತ್ರಿ 9:52

ತುಂಬಾ ಈಸಿ ಬ್ರೋ. ಕಾಲಂನ ಕನ್ವರ್ಟ್ ಮಾಡಿ ಟೈಮ್ ಕಿತ್ತಾಕಿ. ಕನ್ವರ್ಟ್(ವಾರ್‌ಕ್ಯಾರ್(10), ತೂಕದ_ಸಮಯ, 103) ಅಂತ ಹಾಕಿದ್ರೆ 31/01/2024 ಅಂತ ಬರುತ್ತೆ. ಅದಕ್ಕೇ ಬಿಟ್ವೀನ್ '01/01/2024' ಆ್ಯಂಡ್ '31/01/2024' ಕೊಡಿ, ಮುಗೀತು. ನಮ್ ಆಫೀಸಲ್ಲಿ ಎಲ್ಲಾ ರಿಪೋರ್ಟೂ ಹೀಗೇ ಇದೆ.


ಹಳೇಡಿಬಿಎ · ಸೋಮವಾರ, ರಾತ್ರಿ 10:31

ಸೊನ್ನೆ_ಒಂದು ಅವರೇ, ನಿಮ್ಮ ಆಫೀಸಿನ ರಿಪೋರ್ಟ್‌ಗಳನ್ನು ನಾಳೆಯೇ ಒಮ್ಮೆ ತೆಗೆದು ನೋಡಿ. 103 ಕೊಟ್ಟ ಮೇಲೆ ಅಲ್ಲಿ ಉಳಿಯುವುದು ತಾರೀಖಲ್ಲ, ಅಕ್ಷರಗಳ ಸಾಲು. ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತ ಹೋದರೆ '05/02/2024' ಎಂಬುದು '01/01/2024'ಕ್ಕಿಂತ ದೊಡ್ಡದು, '31/01/2024'ಕ್ಕಿಂತ ಚಿಕ್ಕದು. ಫೆಬ್ರವರಿ 5 ಹೋಗಿ ಜನವರಿ ರಿಪೋರ್ಟಿನಲ್ಲಿ ಕೂರುತ್ತದೆ. ಫೆಬ್ರವರಿಯೊಂದೇ ಅಲ್ಲ, ಯಾವ ವರ್ಷದ ಯಾವ ತಿಂಗಳಾದರೂ ಸರಿ, 2ರಿಂದ 30ರವರೆಗಿನ ತಾರೀಖುಗಳೆಲ್ಲ ಒಳಗೆ ಬರುತ್ತವೆ. ಟೆಸ್ಟ್ ಡೇಟಾಬೇಸ್‌ನಲ್ಲಿ ಒಂದೇ ತಿಂಗಳ ಡೇಟಾ ಇಟ್ಟುಕೊಂಡವರಿಗೆ ಇದು ಕಾಣುವುದೇ ಇಲ್ಲ. 103ರ ಬದಲು 112 ಕೊಟ್ಟರೆ 20240131 ಎಂದು ಬರುತ್ತದೆ, ಹೋಲಿಕೆಯೇನೋ ಸರಿಹೋಗುತ್ತದೆ. ಆದರೆ ಅದರದೇ ಇನ್ನೊಂದು ತೊಂದರೆ ಇದೆ, ಕೆಳಗೆ ಬರುತ್ತೇನೆ.

ಮುಧೋಳದವರೇ, ಸುಳಿವನ್ನು ನೀವೇ ಕೊಟ್ಟಿದ್ದೀರಿ. ನಿಮ್ಮ ಕಾಲಂನ ಟೈಪ್ ಡೇಟ್‌ಟೈಮ್, ಅಂದರೆ ತಾರೀಖು-ಸಮಯ ಎರಡೂ ಇರುವಂಥದ್ದು. ಅದಕ್ಕೆ '2024-01-31' ಎಂದು ಬರೀ ತಾರೀಖು ಕೊಟ್ಟರೆ ಡೇಟಾಬೇಸ್ ಅದನ್ನು 31ನೇ ತಾರೀಖು 00:00:00 ಎಂದು ಓದುತ್ತದೆ. 30ರ ರಾತ್ರಿ ಹನ್ನೆರಡಾಯಿತು ಅನ್ನುವ ಆ ಕ್ಷಣ. ಬಿಟ್ವೀನ್ ಎರಡೂ ತುದಿಯನ್ನು ಸೇರಿಸಿಕೊಳ್ಳುತ್ತದೆ ನಿಜ, ಆದರೆ ಆ ತುದಿ ಇರುವುದೇ 31ರ ಬಾಗಿಲಲ್ಲಿ. ಮೊದಲು ಕೈಯಲ್ಲಿ ಎಂಟ್ರಿ ಮಾಡುವಾಗ ಗಂಟೆ ಹಾಕುತ್ತಿರಲಿಲ್ಲ, ಎಲ್ಲ ಚೀಟಿಯೂ 00:00:00ಕ್ಕೇ ಬೀಳುತ್ತಿತ್ತು, ಹಾಗಾಗಿ ಒಳಗೆ ಬರುತ್ತಿತ್ತು. ಈಗ ಮಷೀನು ಬೆಳಿಗ್ಗೆ 9:14 ಅಂತಲೋ ಮಧ್ಯಾಹ್ನ 3:40 ಅಂತಲೋ ಬರೆಯುತ್ತಿದೆ, ಅವೆಲ್ಲ ಹೊರಗೆ. ಕ್ವೆರಿ ಮೊದಲಿನಿಂದಲೂ ತಪ್ಪೇ, ಡೇಟಾ ಅದನ್ನು ಕಾಪಾಡುತ್ತಿತ್ತು ಅಷ್ಟೆ.

ಹೀಗೆ ಬರೆಯಿರಿ:

ವೇರ್ ತೂಕದ_ಸಮಯ >= '20240101'
ಆ್ಯಂಡ್ ತೂಕದ_ಸಮಯ < '20240201'

ಮೊದಲ ದಿನ ಸೇರಬೇಕು, ಕೊನೆಯ ದಿನದ ಮರುದಿನ ಸೇರಬಾರದು. ಕಾಲಂ ಮುಟ್ಟಬೇಡಿ, ಗಡಿ ಸರಿಸಿ. ಗಂಟೆ-ನಿಮಿಷ ಕಿತ್ತುಹಾಕುವ ಪ್ರಶ್ನೆಯೇ ಬರುವುದಿಲ್ಲ.

ತಾರೀಖಿನ ನಡುವೆ ಅಡ್ಡಗೆರೆ ಯಾಕೆ ತೆಗೆದೆ ಅಂದರೆ, ಹಳೆಯ ಡೇಟ್‌ಟೈಮ್ ಟೈಪಿಗೆ '2024-02-01' ಕೊಟ್ಟಾಗ ಲಾಗಿನ್‌ನ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ ಎಸ್‌ಕ್ಯೂಎಲ್ ಸರ್ವರ್ ಅದನ್ನು ಜನವರಿ 2 ಎಂದು ಓದುತ್ತದೆ. '2024-01-31' ಕೊಟ್ಟರೆ 31ನೇ ತಿಂಗಳು ಎಲ್ಲಿದೆ ಅಂತ ಎರರ್ ಕೊಡುತ್ತದೆ. '20240201' ಎಂದರೆ ಯಾವ ಸೆಟ್ಟಿಂಗ್‌ನಲ್ಲೂ ಫೆಬ್ರವರಿ 1 ಮಾತ್ರ. ಹೊಸ ಡೇಟ್, ಡೇಟ್‌ಟೈಮ್2 ಟೈಪುಗಳಿಗೆ ಈ ಕಾಟ ಇಲ್ಲ.


ಸೊನ್ನೆ_ಒಂದು · ಸೋಮವಾರ, ರಾತ್ರಿ 10:44

103 ವಿಷಯ ಒಪ್ಕೊಂಡೆ ಸರ್, ಈಗ್ಲೇ ಚೆಕ್ ಮಾಡ್ತೀನಿ 😬 ಆದ್ರೆ ಮರುದಿನದ ತಾರೀಖು ಕೊಡೋದು ಓದೋಕೆ ವಿಚಿತ್ರ. ಜನವರಿ ರಿಪೋರ್ಟಿನ ಕ್ವೆರೀಲಿ ಫೆಬ್ರವರಿ ಯಾಕೆ ಬಂತು ಅಂತ ಯಾರಾದ್ರೂ ಕೇಳ್ತಾರೆ. '2024-01-31 23:59:59' ಅಂತ ಕೊಟ್ರೆ ಆಗಲ್ವಾ?


ಹಳೇಡಿಬಿಎ · ಸೋಮವಾರ, ರಾತ್ರಿ 11:05

ಆಗಲ್ಲ. 23:59:59 ಆದಮೇಲೆ ಇನ್ನೂ ಒಂದು ಇಡೀ ಸೆಕೆಂಡ್ ಇದೆ. ರಾತ್ರಿಯೆಲ್ಲ ಟ್ರಾಕ್ಟರ್ ಬರುವ ಕಡೆ ಆ ಒಂದು ಸೆಕೆಂಡಿನಲ್ಲೂ ಚೀಟಿ ಬೀಳಬಹುದು.

ಹಾಗಾದರೆ 23:59:59.999 ಕೊಡೋಣ ಅನ್ನುತ್ತೀರಿ, ಎಲ್ಲರೂ ಅಲ್ಲಿಗೇ ಬರುತ್ತಾರೆ. ಎಸ್‌ಕ್ಯೂಎಲ್ ಸರ್ವರಿನ ಡೇಟ್‌ಟೈಮ್ ಒಂದೊಂದು ಮಿಲಿಸೆಕೆಂಡನ್ನೂ ಬೇರೆಬೇರೆ ಇಟ್ಟುಕೊಳ್ಳುವುದಿಲ್ಲ. ಸೆಕೆಂಡಿನ 300ನೇ ಒಂದು ಭಾಗ ಅದರ ಅಳತೆ, ಹಾಗಾಗಿ ಕೊನೆಯ ಅಂಕಿ 0, 3 ಅಥವಾ 7ಕ್ಕೆ ಸರಿಹೊಂದುತ್ತದೆ. .999 ಕೊಟ್ಟರೆ ಅದು ಮೇಲಕ್ಕೆ ಜಾರಿ ಮರುದಿನ 00:00:00.000 ಆಗುತ್ತದೆ. ಕೈಯಲ್ಲಿ ಎಂಟ್ರಿ ಮಾಡಿದ ಫೆಬ್ರವರಿ 1ರ ಹಳೆಯ ಚೀಟಿಗಳೆಲ್ಲ ಆಗ ಜನವರಿಗೆ ಸೇರುತ್ತವೆ. .997 ಕೊಟ್ಟರೆ ಡೇಟ್‌ಟೈಮ್‌ಗೆ ಸರಿ. ನಾಳೆ ಯಾರೋ ಕಾಲಂನ ಟೈಪ್ ಡೇಟ್‌ಟೈಮ್2 ಮಾಡಿದರೆ ಅದಕ್ಕೆ ಏಳು ದಶಾಂಶ ಸ್ಥಾನ, .997 ಆದಮೇಲಿನದೆಲ್ಲ ಮತ್ತೆ ಹೊರಗೆ. ಸ್ಮಾಲ್‌ಡೇಟ್‌ಟೈಮ್ ಆದರೆ ನಿಮಿಷಕ್ಕೇ ಸರಿಹೊಂದಿಸುತ್ತದೆ, 23:59:59 ಎಂದು ನೀವು ಕೊಟ್ಟದ್ದೇ ಮರುದಿನ ಆಗಿಬಿಡುತ್ತದೆ.

ದಿನದ ಕೊನೆಯ ಕ್ಷಣ ಯಾವುದು ಅನ್ನುವುದಕ್ಕೆ ಟೈಪಿಗೊಂದು ಉತ್ತರ. ಮರುದಿನದ ಮೊದಲ ಕ್ಷಣ ಯಾವುದು ಅನ್ನುವುದಕ್ಕೆ ಎಲ್ಲ ಕಡೆಯೂ ಒಂದೇ ಉತ್ತರ. ನಾನು < ಚಿಹ್ನೆಗೆ ಅಂಟಿಕೊಂಡಿರುವುದು ಇಷ್ಟಕ್ಕೇ.

ಓದಲು ವಿಚಿತ್ರ ಅನ್ನಿಸಿದರೆ ಕ್ವೆರಿಯಲ್ಲಿ ಫೆಬ್ರವರಿ ಬರೆಯಬೇಡಿ. ಬಳಕೆದಾರರು ಸ್ಕ್ರೀನಿನಲ್ಲಿ 01ರಿಂದ 31 ಅಂತಲೇ ಆರಿಸಲಿ, ನೀವು ಒಳಗೆ < ಡೇಟ್‌ಆ್ಯಡ್(ಡೇ, 1, @ಕೊನೇ_ದಿನ) ಎಂದು ಹಾಕಿ. ಆ @ಕೊನೇ_ದಿನದ ಟೈಪ್ ಡೇಟ್ ಆಗಿರಲಿ. ಅದು ಡೇಟ್‌ಟೈಮ್ ಆಗಿದ್ದು, ಡೇಟ್‌ಪಿಕ್ಕರ್ ಈಗಿನ ಗಂಟೆಯನ್ನೂ ಸೇರಿಸಿ ಕಳಿಸಿದರೆ 1ನೇ ತಾರೀಖಿನ ಅರ್ಧ ದಿನವೂ ಜೊತೆಗೆ ಬರುತ್ತದೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಇದು ದಿನಾ ಆಗುವ ಸಂಗತಿ.


ಕರಾವಳಿ_ಕೋಡರ್ · ಮಂಗಳವಾರ, ಬೆಳಿಗ್ಗೆ 7:15

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಇದಕ್ಕೆ ಡೇಟ್() ಅಂತ ಫಂಕ್ಷನ್ನೇ ಉಂಟಲ್ಲ ಮಾರಾಯ್ರೆ. ವೇರ್ ಡೇಟ್(ತೂಕದ_ಸಮಯ) ಬಿಟ್ವೀನ್ '2024-01-01' ಆ್ಯಂಡ್ '2024-01-31'. ಉತ್ತರ ಸರಿಯಾಗಿಯೇ ಬರ್ತದೆ. ಪಿಎಚ್‌ಪಿಯ ಲಾರವೆಲ್ ಫ್ರೇಮ್‌ವರ್ಕಿನವರು ವೇರ್‌ಡೇಟ್ ಹಾಕುವುದೂ ಅದನ್ನೇ, ಒಳಗೆ ಡೇಟ್() ಸುತ್ತಿ ಕಳಿಸ್ತದೆ.

ಆದ್ರೆ ಒಂದು ಮಾತು. ಎಕ್ಸ್‌ಪ್ಲೇನ್ ಹಾಕಿ, ಕ್ವೆರಿ ಹೇಗೆ ನಡೀತದೆ ಅಂತ ನೋಡಿ. ಕಾಲಂನ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿ) ಇದ್ದರೂ ಅದು ಆರಂಭದಿಂದ ಕೊನೆಯವರೆಗೆ ಎಲ್ಲ ಸಾಲನ್ನೂ ಓದ್ತದೆ. ಇಂಡೆಕ್ಸ್ ಜೋಡಿಸಿಟ್ಟಿರುವುದು ತೂಕದ_ಸಮಯದ ಬೆಲೆಗಳನ್ನು, ಡೇಟ್(ತೂಕದ_ಸಮಯ)ದ ಬೆಲೆಗಳನ್ನು ಅಲ್ಲ. ಫಂಕ್ಷನ್ ಒಳಗೆ ಏನಾಗ್ತದೆ ಅಂತ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಪ್ರತಿ ಸಾಲಿಗೂ ಲೆಕ್ಕ ಹಾಕಿಯೇ ನೋಡಬೇಕು. ಸಾವಿರ ಸಾಲಿನ ಟೇಬಲ್ ಆದ್ರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕೈದು ಹಂಗಾಮಿನ ಚೀಟಿ ಸೇರಿದ ಮೇಲೆ ಗೊತ್ತಾಗ್ತದೆ, ಅದೂ ತಿಂಗಳ ಕೊನೆಗೆ, ಎಲ್ಲರೂ ಒಟ್ಟಿಗೆ ರಿಪೋರ್ಟ್ ತೆಗೆಯುವಾಗ. ಮೈಎಸ್‌ಕ್ಯೂಎಲ್ 8.0.13ರಿಂದ ಡೇಟ್(ತೂಕದ_ಸಮಯ) ಮೇಲೆಯೇ ಇಂಡೆಕ್ಸ್ ಮಾಡಬಹುದು. ಆದರೆ ಎರಡು ಗಡಿ ಬರೆದು ಮುಗಿಯುವ ಕೆಲಸಕ್ಕೆ ಇನ್ನೊಂದು ಇಂಡೆಕ್ಸ್ ಸಾಕುವುದು ಯಾಕೆ?

ಇನ್ನೊಂದು ಉಂಟು. ಮೈಎಸ್‌ಕ್ಯೂಎಲ್‌ನ ಬರೀ ಡೇಟ್‌ಟೈಮ್ ಕಾಲಂಗೆ ಸೆಕೆಂಡಿನ ದಶಾಂಶ ಇಲ್ಲ. 23:59:59.6 ಅಂತ ಇನ್ಸರ್ಟ್ ಮಾಡಿದ್ರೆ ಅದು ಕತ್ತರಿಸುವುದಿಲ್ಲ, ಮೇಲಕ್ಕೆ ಸರಿಹೊಂದಿಸಿ ಮರುದಿನ 00:00:00 ಅಂತ ಇಡ್ತದೆ. ಕೋಡ್‌ನಲ್ಲಿ ದಿನದ ಕೊನೆ ಅಂತ 23:59:59.999999 ಇಟ್ಟು ಅದನ್ನೇ ಕಾಲಂಗೆ ತುಂಬಿಸುವವರು ಇದನ್ನು ಸ್ವಲ್ಪ ನೋಡಿಕೊಳ್ಳಿ.


ಸೊನ್ನೆ_ಒಂದು · ಮಂಗಳವಾರ, ಬೆಳಿಗ್ಗೆ 9:30

ಸರ್, ಎಸ್‌ಕ್ಯೂಎಲ್ ಸರ್ವರಲ್ಲಿ ಕಾಸ್ಟ್(ತೂಕದ_ಸಮಯ ಆ್ಯಸ್ ಡೇಟ್) ಹಾಕಿ ಎಕ್ಸಿಕ್ಯೂಶನ್ ಪ್ಲ್ಯಾನ್ ನೋಡ್ದೆ, ಇಂಡೆಕ್ಸ್ ಸೀಕ್ (ಇಂಡೆಕ್ಸಲ್ಲೇ ನೇರ ಹುಡುಕೋದು) ಅಂತಾನೇ ತೋರಿಸ್ತಿದೆ! ಕಾಲಂ ಮುಟ್ಟಬೇಡಿ ಅಂದ್ರಲ್ಲ?


ಹಳೇಡಿಬಿಎ · ಮಂಗಳವಾರ, ಬೆಳಿಗ್ಗೆ 10:02

ಪ್ಲ್ಯಾನ್ ತೆಗೆದು ನೋಡಿದ್ದೀರಲ್ಲ, ಭೇಷ್. ಹೌದು, 2008ರಲ್ಲಿ ಡೇಟ್ ಟೈಪ್ ಬಂದಾಗಿನಿಂದ ಈ ಒಂದು ಕಾಸ್ಟ್‌ಗೆ ಮಾತ್ರ ಎಸ್‌ಕ್ಯೂಎಲ್ ಸರ್ವರ್ ರಿಯಾಯಿತಿ ಕೊಟ್ಟಿದೆ. ನೀವು ಬರೆದದ್ದನ್ನು ಅದೇ ಒಳಗೊಳಗೆ ಎರಡು ಗಡಿಗಳನ್ನಾಗಿ ಮಾಡಿಕೊಂಡು ಇಂಡೆಕ್ಸ್ ಹುಡುಕುತ್ತದೆ. ಸಣ್ಣಪುಟ್ಟ ಕ್ವೆರಿಗೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಎಷ್ಟು ಸಾಲು ಬರಬಹುದು ಎನ್ನುವ ಅಂದಾಜು ಅಲ್ಲಿ ಹದ ತಪ್ಪಬಹುದು, ನಾಲ್ಕು ಟೇಬಲ್ ಜಾಯಿನ್ ಮಾಡಿದಾಗ ಅದು ಕಾಡುತ್ತದೆ. ಕನ್ವರ್ಟ್ ವಾರ್‌ಕ್ಯಾರ್‌ಗೆ (112ರ ತೊಂದರೆ ಅಂದದ್ದು ಇದೇ), ಇಯರ್() ಮತ್ತು ಮಂತ್() ಫಂಕ್ಷನ್‌ಗಳಿಗೆ ಈ ರಿಯಾಯಿತಿಯೂ ಇಲ್ಲ. ಎರಡು ಗಡಿ ಬರೆಯುವುದನ್ನು ಕಲಿತರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋದರೂ ಅದೇ ನಡೆಯುತ್ತದೆ, ಒರಾಕಲ್‌ಗೆ ಹೋದರೂ ಅದೇ.


ಕೋಟೆನಾಡು · ಮಂಗಳವಾರ, ಬೆಳಿಗ್ಗೆ 11:20

ಒರಾಕಲ್ ಹೆಸರು ಬಂತಲ್ಲ, ಅದಕ್ಕೇ ಹೇಳ್ತೀನಿ. ಅಲ್ಲಿ ಡೇಟ್ ಅನ್ನೋ ಟೈಪಿನ ಒಳಗೇ ಸೆಕೆಂಡಿನವರೆಗೆ ಸಮಯ ಇರುತ್ತೆ. ಹೆಸರು ನೋಡಿ ಮೋಸ ಹೋಗಬೇಡಿ. ತಾರೀಖು ತೋರಿಸೋ ಸೆಷನ್‌ನ ಸೆಟ್ಟಿಂಗ್ (ಎನ್‌ಎಲ್‌ಎಸ್ ಡೇಟ್ ಫಾರ್ಮ್ಯಾಟ್) 31-ಜನವರಿ-24 ಅನ್ನೋ ಥರ ಇದ್ದರೆ ತೆರೆ ಮೇಲೆ ಬರೀ ತಾರೀಖು ಕಾಣುತ್ತೆ, ಗಂಟೆ ಒಳಗೆ ಅಡಗಿ ಕೂತಿರುತ್ತೆ. ಕಾಣುತ್ತಿರೋ ಸಾಲನ್ನೇ = ಹಾಕಿ ಹುಡುಕಿದರೂ ಸಿಗಲ್ಲ, ಹೊಸಬರು ತಲೆ ಚಚ್ಚಿಕೊಳ್ತಾರೆ. ಸಮಯ ಕತ್ತರಿಸೋ ಟ್ರಂಕ್() ಹಾಕಿದರೆ ಸಿಗುತ್ತೆ. ಆದರೆ ಟ್ರಂಕ್ ಮೇಲೆ ಫಂಕ್ಷನ್ ಬೇಸ್ಡ್ ಇಂಡೆಕ್ಸ್ ಇಲ್ಲದಿದ್ದರೆ ಕರಾವಳಿಯವರು ಹೇಳಿದ ಕಥೆಯೇ.


ಎಡಿಸನ್_ಕನ್ನಡಿಗ · ಮಂಗಳವಾರ, ರಾತ್ರಿ 8:10

ನ್ಯೂಜೆರ್ಸಿಯಿಂದ ಒಂದು ಮಾತು. ಇಲ್ಲಿಯವರೆಗೆ ಎಲ್ಲರೂ 00:00 ಅಂದರೆ ಎಲ್ಲ ಕಡೆಯೂ ಒಂದೇ ಅಂದುಕೊಂಡು ಮಾತಾಡುತ್ತಿದ್ದೀರಿ. ಮುಧೋಳದವರ ಸರ್ವರ್ ಕಾರ್ಖಾನೆಯಲ್ಲೇ ಇದ್ದರೆ ಅವರಿಗೆ ಇದು ಬೇಡ. ಕ್ಲೌಡ್‌ಗೆ ಹೋದವರಿಗೆ ಬೇಕು.

ಕ್ಲೌಡ್‌ನಲ್ಲಿ ಸಮಯವನ್ನು ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇಡುತ್ತಾರೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ಜನವರಿ 1 ಹುಟ್ಟುವಾಗ ಯುಟಿಸಿಯಲ್ಲಿ ಡಿಸೆಂಬರ್ 31, 18:30. ಹಾಗಾಗಿ ಯುಟಿಸಿ ಕಾಲಂನಿಂದ ನೇರವಾಗಿ ತಾರೀಖು ಕಿತ್ತುಕೊಂಡರೆ ನಮ್ಮ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ದಾಖಲೆಗಳೆಲ್ಲ ಹಿಂದಿನ ದಿನಕ್ಕೆ ಹೋಗುತ್ತವೆ. ಹಗಲು ಹೊತ್ತು ಮಾತ್ರ ನಡೆಯುವ ಅಂಗಡಿಗೆ ಇದು ವರ್ಷಗಟ್ಟಲೆ ಗೊತ್ತಾಗದೇ ಇರಬಹುದು. ರಾತ್ರಿಪಾಳಿ ಇರುವ ಕಡೆ ಮೊದಲ ದಿನವೇ ಗೊತ್ತಾಗುತ್ತದೆ. ಜನವರಿ ಬೇಕಿದ್ದರೆ ಗಡಿಗಳು '2023-12-31 18:30' ಮತ್ತು '2024-01-31 18:30' ಆಗಬೇಕು. ಇಲ್ಲೂ ಹಳೇಡಿಬಿಎ ಅವರ ಮಾತೇ: ಸರಿಸಬೇಕಾದ್ದು ಗಡಿಯನ್ನು.

ಭಾರತದಲ್ಲಿ ಇರುವವರಿಗೆ ಇನ್ನೊಂದು ಸುಖ, ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ಹಿಂದೆ-ಮುಂದೆ ಮಾಡುವ ಗೋಜಿಲ್ಲ. ಇಲ್ಲಿ 2024ರ ಮಾರ್ಚ್ 10ಕ್ಕೆ 23 ಗಂಟೆ, ನವೆಂಬರ್ 3ಕ್ಕೆ 25 ಗಂಟೆ. ಮರುದಿನ ಬೇಕು ಅಂತ 24 ಗಂಟೆ ಕೂಡಿಸಿದವರ ರಿಪೋರ್ಟು ವರ್ಷಕ್ಕೆರಡು ಸಲ ಒಂದು ಗಂಟೆ ಆಚೀಚೆ ಆಗುತ್ತದೆ. ಒಂದು ದಿನ ಕೂಡಿಸಿ, ಆಮೇಲೆ ಸ್ಥಳೀಯ ಮಧ್ಯರಾತ್ರಿಯನ್ನು ಯುಟಿಸಿಗೆ ತಿರುಗಿಸಿ. ಬ್ರೆಜಿಲ್‌ನಲ್ಲಂತೂ 2019ರಲ್ಲಿ ಈ ಪದ್ಧತಿ ಕೈಬಿಡುವ ತನಕ ಗಡಿಯಾರ ಮುಂದೆ ಹೋಗುತ್ತಿದ್ದದ್ದೇ ಮಧ್ಯರಾತ್ರಿಗೆ, ಆ ದಿನ 00:00 ಅನ್ನುವ ಸಮಯವೇ ಇರುತ್ತಿರಲಿಲ್ಲ!


ಕರಾವಳಿ_ಕೋಡರ್ · ಮಂಗಳವಾರ, ರಾತ್ರಿ 9:05

ಎಡಿಸನ್ನಿನವರು ಹೇಳಿದ್ದಕ್ಕೆ ಎರಡು ಸೇರಿಸ್ತೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ಟೈಮ್‌ಸ್ಟ್ಯಾಂಪ್‌ಟಿಝಡ್ (ಟೈಮ್ ಝೋನ್ ಗಮನಿಸುವ) ಕಾಲಂನ ಡೇಟ್ ಕಾಸ್ಟ್ ಮೇಲೆ ಇಂಡೆಕ್ಸ್ ಮಾಡಲು ಹೋದ್ರೆ ಫಂಕ್ಷನ್ ಇಮ್ಯೂಟಬಲ್ (ಯಾವಾಗಲೂ ಒಂದೇ ಉತ್ತರ ಕೊಡುವಂಥದ್ದು) ಅಲ್ಲ ಅಂತ ಬಯ್ಯುತ್ತದೆ. ಅದು ಬಯ್ಯುವುದು ನ್ಯಾಯವೇ. ಅದೇ ಕ್ಷಣ ಬೆಂಗಳೂರಿನ ಸೆಷನ್‌ಗೆ ಒಂದು ತಾರೀಖು, ನ್ಯೂಜೆರ್ಸಿಯ ಸೆಷನ್‌ಗೆ ಇನ್ನೊಂದು. ಯಾವುದನ್ನು ಇಂಡೆಕ್ಸ್‌ನಲ್ಲಿ ಇಡುವುದು? ಆ್ಯಟ್ ಟೈಮ್ ಝೋನ್ 'ಏಷ್ಯಾ/ಕೋಲ್ಕತ್ತಾ' ಅಂತ ಊರು ಹೆಸರಿಸಿ ಆಮೇಲೆ ಕಾಸ್ಟ್ ಮಾಡಿದ್ರೆ ಒಪ್ಪಿಕೊಳ್ಳುತ್ತದೆ.

ಎರಡನೇದು ಜಾವಾಸ್ಕ್ರಿಪ್ಟ್, ನನ್ನ ಪ್ರಕಾರ ಅರ್ಧಕ್ಕರ್ಧ ಕಂಪ್ಲೇಂಟ್ ಹುಟ್ಟುವುದೇ ಅಲ್ಲಿ. ಬಳಕೆದಾರರು ಜನವರಿ 31 ಆರಿಸ್ತಾರೆ. ಬ್ರೌಸರ್ ಅದನ್ನು ಇಲ್ಲಿಯ ಮಧ್ಯರಾತ್ರಿ ಅಂತ ಇಟ್ಟುಕೊಳ್ತದೆ. ನೀವು ಟುಐಎಸ್‌ಒಸ್ಟ್ರಿಂಗ್ (ಯುಟಿಸಿಗೆ ತಿರುಗಿಸಿ ಬರೆಯುವ ಫಂಕ್ಷನ್) ಮಾಡಿ ಮೊದಲ ಹತ್ತು ಅಕ್ಷರ ಕತ್ತರಿಸಿದ್ರೆ ಸಿಗುವುದು 2024-01-30! ಸರ್ವರ್ ಕೋಡು ಎಷ್ಟು ಸರಿ ಇದ್ದರೇನು, ಗಡಿಯೇ ಒಂದು ದಿನ ಹಿಂದೆ ಬಂದಿದೆ. ವರ್ಷ, ತಿಂಗಳು, ದಿನ ಬಿಡಿಬಿಡಿಯಾಗಿ ತೆಗೆದು ತಾರೀಖು ಕಟ್ಟಿ ಕಳಿಸಿ.

ಜಾಂಗೊ (ಪೈಥಾನ್ ಫ್ರೇಮ್‌ವರ್ಕ್) ಬಳಸುವವರಿಗೆ: ಡೇಟ್‌ಟೈಮ್‌ಫೀಲ್ಡ್ ಮೇಲೆ ರೇಂಜ್ ಲುಕಪ್‌ಗೆ ಬರೀ ತಾರೀಖು ಕೊಟ್ರೆ ಕೊನೆಯ ದಿನ ಬರುವುದಿಲ್ಲ ಅಂತ ಅವರ ದಾಖಲಾತಿಯಲ್ಲೇ ಎಚ್ಚರಿಕೆ ಉಂಟು. ಓದುವವರು ಯಾರು!


ಮುಧೋಳದಾಂವ · ಬುಧವಾರ, ಸಂಜಿ 6:30

ಎಲ್ಲಾರಿಗೂ ಉಪಕಾರ ಆತ್ರಿ. >= ಮತ್ತ < ಹಾಕಿದೆ, 31ನೇದ್ದು ಎಲ್ಲಾ ಬಂದ್ವು. ಸರ್ವರ್ ಇಲ್ಲೇ ಕಾರ್ಖಾನ್ಯಾಗ ಐತಿ, ಯುಟಿಸಿ ಏನಿಲ್ಲ. ಇನ್ನೊಂದು ರಿಪೋರ್ಟಿನ್ಯಾಗ ತಿಂಗಳ ಕಡೇ ದಿನ ಹುಡುಕಾಕ ಇಓಮಂತ್ ಬಳಸಿ ಬಿಟ್ವೀನ್ ಹಾಕಿದ್ರು, ಅಲ್ಲೂ ಇದ ಹಕೀಕತ್, ಅದೂ ರಿಪೇರಿ ಆತು.

ಈಗ ಹೊಸಾ ತಕರಾರು. ನನ್ನ ಟನ್ನೇಜಿಗೂ ಕೇನ್ ಅಕೌಂಟ್ಸ್ (ಕಬ್ಬಿನ ಲೆಕ್ಕ ನೋಡೋ ವಿಭಾಗ) ದವರ ಟನ್ನೇಜಿಗೂ ತಾಳಿ ಆಗವಲ್ದು. ಅವರಲ್ಲಿ ದಿನಾ ಅಂದ್ರ ಮುಂಜಾನಿ 6ರಿಂದ ಮರುದಿನ ಮುಂಜಾನಿ 6ರ ತನಾ ಅಂತ. ಪಾಳಿ ಹಂಗ ಐತಿ.


ಲೆಕ್ಕದಕ್ಕ · ಬುಧವಾರ, ರಾತ್ರಿ 8:55

ನನಗೆ ಎಸ್‌ಕ್ಯೂಎಲ್ ಅಷ್ಟಕ್ಕಷ್ಟೇ, ನಾನು ಲೆಕ್ಕಪತ್ರದ ಕಡೆಯವಳು. ಇಡೀ ಚರ್ಚೆ ಓದಿದೆ. ನೀವೆಲ್ಲ ಸಮಯ ಬಿಟ್ಟು ತಾರೀಖು ನೋಡುವುದು ಹೇಗೆ ಅಂತ ಮಾತಾಡ್ತಿದ್ದೀರಿ, ಆದರೆ ಯಾವ ಸಮಯದ ತಾರೀಖು ಅಂತ ಯಾರೂ ಕೇಳಲಿಲ್ಲ.

ಕಬ್ಬಿನ ಟ್ರಾಕ್ಟರಿಗೆ ಎರಡು ತೂಕ. ಬಂದಾಗ ಭರ್ತಿ ತೂಕ, ಇಳಿಸಿ ಹೊರಗೆ ಹೋಗುವಾಗ ಖಾಲಿ ತೂಕ. ಎರಡರ ವ್ಯತ್ಯಾಸವೇ ಕಬ್ಬು. ಹಂಗಾಮಿನ ನಡುವೆ ಯಾರ್ಡಿನಲ್ಲಿ ಸಾಲು ಹೇಗಿರುತ್ತದೆ ಅಂತ ಮುಧೋಳದವರಿಗೆ ನಾನು ಹೇಳಬೇಕಾಗಿಲ್ಲ. 31ರ ರಾತ್ರಿ 11ಕ್ಕೆ ಭರ್ತಿ ತೂಕ ಆದ ಗಾಡಿಗೆ ಖಾಲಿ ತೂಕ ಆಗುವುದು ಬೆಳಗಿನ ಜಾವ 4ಕ್ಕೋ ಏಳಕ್ಕೋ. ಆ ಕಬ್ಬು ಜನವರಿಯದ್ದೋ ಫೆಬ್ರವರಿಯದ್ದೋ? ನಿಮ್ಮ ತೂಕದ_ಸಮಯ ಕಾಲಂ ಯಾವ ತೂಕದ್ದು?

ಇದು ಬರೀ ರಿಪೋರ್ಟಿನ ಸೊಗಸಿನ ಪ್ರಶ್ನೆ ಅಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ ದಿನದಿಂದ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ. ನೀವು ಬರೆಯುವ ಆ ತಾರೀಖಿನಿಂದಲೇ 14 ಎಣಿಸುವುದು. ಅದಕ್ಕೇ ನನ್ನ ಮಟ್ಟಿಗೆ ರೈತರ ಕೈಗೆ ಕೊಟ್ಟ ಚೀಟಿಯ ಮೇಲೆ ಯಾವ ತಾರೀಖು ಅಚ್ಚಾಗಿದೆಯೋ ಅದೇ ತಾರೀಖು. ಡೇಟಾಬೇಸು ಆಮೇಲೆ ಕೂತು ಬೇರೆ ತಾರೀಖು ಲೆಕ್ಕ ಹಾಕಬಾರದು.


ಹಳೇಡಿಬಿಎ · ಬುಧವಾರ, ರಾತ್ರಿ 9:40

ಮೇಡಂ, ನಾವು ಸೋಮವಾರವೇ ಕೇಳಬೇಕಿದ್ದ ಪ್ರಶ್ನೆ ಇದು.

6 ಗಂಟೆಯ ವಿಷಯ ಮೊದಲು. ತಿಂಗಳ ಒಟ್ಟು ಬೇಕಿದ್ದರೆ ಸುಲಭ, ಎರಡೂ ಗಡಿಯನ್ನು ಆರು ಗಂಟೆ ಮುಂದಕ್ಕೆ ತಳ್ಳಿ (ಖಾಲಿ_ಸಮಯ ಅಂದರೆ ಖಾಲಿ ತೂಕದ ಹೊತ್ತು ಇರುವ ಕಾಲಂ):

ವೇರ್ ಖಾಲಿ_ಸಮಯ >= '20240101 06:00'
ಆ್ಯಂಡ್ ಖಾಲಿ_ಸಮಯ < '20240201 06:00'

ದಿನವಾರು ಪಟ್ಟಿ ಬೇಕಿದ್ದರೆ ಗ್ರೂಪ್ ಬೈ ಜಾಗದಲ್ಲಿ ಮಾತ್ರ ಆರು ಗಂಟೆ ಕಳೆದು ತಾರೀಖು ತೆಗೆಯಿರಿ: ಕಾಸ್ಟ್(ಡೇಟ್‌ಆ್ಯಡ್(ಅವರ್, -6, ಖಾಲಿ_ಸಮಯ) ಆ್ಯಸ್ ಡೇಟ್). ಫೆಬ್ರವರಿ 1ರ ಬೆಳಗಿನ 4 ಗಂಟೆಯ ಚೀಟಿ ಆಗ ಜನವರಿ 31ಕ್ಕೆ ಬೀಳುತ್ತದೆ. ವೇರ್‌ನಲ್ಲಿ ಕಾಲಂ ಹಾಗೆಯೇ ಇರಲಿ. ಸೆಲೆಕ್ಟ್, ಗ್ರೂಪ್ ಬೈಗಳಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ಅಷ್ಟರಲ್ಲಿ ಸಾಲುಗಳನ್ನು ಆರಿಸಿ ಆಗಿರುತ್ತದೆ.

ಖಾಲಿ ತೂಕ ಆಗದೆ ಯಾರ್ಡಿನಲ್ಲಿ ನಿಂತ ಗಾಡಿಗಳಿಗೆ ಖಾಲಿ_ಸಮಯ ನಲ್ (ಏನೂ ತುಂಬದೆ ಬಿಟ್ಟ ಜಾಗ) ಇರುತ್ತದೆ. ಅವು >= ಗೂ ಸಿಗುವುದಿಲ್ಲ, < ಗೂ ಸಿಗುವುದಿಲ್ಲ. ಅವುಗಳ ಪಟ್ಟಿ ಬೇರೆಯೇ ತೆಗೆಯಿರಿ. ಇಲ್ಲದಿದ್ದರೆ ತಿಂಗಳ ಕೊನೆಯ ರಾತ್ರಿ ಗಾಡಿಗಳ ಲೆಕ್ಕ ತಪ್ಪಿತು ಅಂತ ಇನ್ನೊಂದು ಪ್ರಶ್ನೆ ಹಿಡಿದು ಇಲ್ಲಿಗೇ ಬರುತ್ತೀರಿ.


ಎಡಿಸನ್_ಕನ್ನಡಿಗ · ಬುಧವಾರ, ರಾತ್ರಿ 10:15

ಪಂಚಾಂಗದವರಿಗೆ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಕಾರ್ಖಾನೆಗೆ ಆರಕ್ಕೆ, ಸರ್ವರಿಗೆ ಸೊನ್ನೆ ಗಂಟೆಗೆ. ಕೇನ್ ಅಕೌಂಟ್ಸ್‌ನವರು ಪಂಚಾಂಗದ ಪಕ್ಷ ಅನ್ನಿ 🙂

ಆ ಮೈನಸ್ ಆರನ್ನು ಪ್ರತಿ ರಿಪೋರ್ಟಿನಲ್ಲೂ ಬರೆಯುವ ಬದಲು ಕಂಪ್ಯೂಟೆಡ್ ಕಾಲಂ (ಸೂತ್ರದಿಂದ ತಾನೇ ತುಂಬುವ ಕಾಲಂ) ಮಾಡಿ, ಲೆಕ್ಕವನ್ನು ಉಳಿಸಿಡುವ ಪರ್ಸಿಸ್ಟೆಡ್ ಕೊಟ್ಟು ಇಂಡೆಕ್ಸ್ ಹಾಕಬಹುದಲ್ಲ?


ಹಳೇಡಿಬಿಎ · ಬುಧವಾರ, ರಾತ್ರಿ 10:38

ಆಗುತ್ತದೆ, ಆ ಸೂತ್ರ ಡಿಟರ್ಮಿನಿಸ್ಟಿಕ್ಕೇ, ಅಂದರೆ ಒಂದೇ ಬೆಲೆಗೆ ಸದಾ ಒಂದೇ ಉತ್ತರ. ಎರಡು ಕಾರಣಕ್ಕೆ ಇವರಿಗೆ ಅದನ್ನು ಹೇಳಲು ನನಗೆ ಮನಸ್ಸಿಲ್ಲ. ಒಂದು, ಕಂಪ್ಯೂಟೆಡ್ ಕಾಲಂ ಮೇಲೆ ಇಂಡೆಕ್ಸ್ ಹಾಕಿದ ಟೇಬಲ್‌ಗೆ ಇನ್ಸರ್ಟ್ ಮಾಡುವ ಪ್ರತಿ ಕನೆಕ್ಷನ್‌ನಲ್ಲೂ ಕ್ವೋಟೆಡ್ ಐಡೆಂಟಿಫೈಯರ್ ಮುಂತಾದ ಸೆಟ್ಟಿಂಗ್‌ಗಳು ಆನ್ ಇರಲೇಬೇಕು, ಇಲ್ಲದಿದ್ದರೆ ಇನ್ಸರ್ಟೇ ಫೇಲ್. ವೇಬ್ರಿಡ್ಜ್ ಮಷೀನಿನ ಕಡೆಯ ಹಳೆಯ ಪ್ರೋಗ್ರಾಂ ಯಾವ ಡ್ರೈವರ್‌ನಿಂದ ಬರೆಯುತ್ತಿದೆಯೋ ಯಾರಿಗೆ ಗೊತ್ತು. ಹಂಗಾಮಿನ ನಡುವೆ ತೂಕ ನಿಂತರೆ ಗೇಟಿನ ಹೊರಗೆ ಟ್ರಾಕ್ಟರ್ ಸಾಲು ಎಲ್ಲಿಯವರೆಗೆ ಹೋಗಬಹುದು ಅಂತ ಯೋಚಿಸಿ. ಎರಡು, ಮುಂದಿನ ಹಂಗಾಮಿಗೆ ಪಾಳಿ 8ಕ್ಕೆ ಬದಲಾಯಿತು ಅನ್ನಿ. ಸೂತ್ರದಲ್ಲಿ 6 ಇದ್ದದ್ದನ್ನು 8 ಮಾಡಿದ ಕೂಡಲೇ ಹಳೆಯ ಚೀಟಿಗಳ ದಿನವೂ ಬದಲಾಗುತ್ತದೆ, ಹಣ ಕೊಟ್ಟು ಮುಗಿಸಿದ ಹಳೆಯ ಬಿಲ್ಲಿಗೂ ಹೊಸ ರಿಪೋರ್ಟಿಗೂ ತಾಳೆ ತಪ್ಪುತ್ತದೆ.

ಲೆಕ್ಕದಕ್ಕ ಹೇಳಿದ್ದೇ ಸರಿ. ಖಾಲಿ ತೂಕ ಆಗಿ ಚೀಟಿ ಅಚ್ಚಾಗುವ ಹೊತ್ತಿಗೆ ಕಾರ್ಖಾನೆಯ ದಿನ ಯಾವುದೋ ಅದನ್ನು ಬೇರೆ ಕಾಲಂನಲ್ಲಿ ಬರೆದಿಡಿ. ಟೈಪ್ ಡೇಟ್, ಬರೆದ ಮೇಲೆ ಮುಟ್ಟುವಂತಿಲ್ಲ. ಸಮಯದ ಕಾಲಂಗಳೂ ಇರಲಿ, ತಕರಾರು ಬಂದಾಗ ಬೇಕಾಗುತ್ತವೆ.


ಮುಧೋಳದಾಂವ · ಗುರುವಾರ, ರಾತ್ರಿ 9:15

ಅಕ್ಕಾರ, ನೀವು ಕೇಳಿದ್ದು ನೋಡಿದೆ. ತೂಕದ_ಸಮಯದಾಗ ಇದ್ದದ್ದು ಭರ್ತಿ ತೂಕದ ಟೈಮ್, ಚೀಟಿ ಮ್ಯಾಲೆ ಅಚ್ಚಾಗೋದು ಖಾಲಿ ತೂಕದ್ದು. ತಾಳಿ ಆಗದಿದ್ದದ್ದು ಅದಕ್ಕ. ಮ್ಯಾನೇಜರ್ ಸಾಹೇಬ್ರ ಕೂಡ ಮಾತಾಡೇನಿ, ಕಾರ್ಖಾನಿ_ದಿನ ಅಂತ ಹೊಸಾ ಕಾಲಂ ಮಾಡಾಕ ಒಪ್ಪ್ಯಾರ. ಈ ಹಂಗಾಮಿನ ಹಿಂದಿನ ಚೀಟಿಗೋಳಿಗೆ ಖಾಲಿ_ಸಮಯದಾಗ ಆರು ತಾಸು ಕಳದು ಒಮ್ಮೆ ತುಂಬಸ್ತೀನಿ. ಕೈಲೆ ಎಂಟ್ರಿ ಮಾಡಿದ ಹಳೇ ಹಂಗಾಮಿಗೆ ಹೆಂಗ್ರಿ? ಅದಕ್ಕೂ ಕಳೀಲೇನು?


ಹಳೇಡಿಬಿಎ · ಗುರುವಾರ, ರಾತ್ರಿ 9:27

ಬೇಡವೇ ಬೇಡ! ಅವೆಲ್ಲ 00:00:00ಕ್ಕೆ ಇವೆ, ಆರು ಗಂಟೆ ಕಳೆದರೆ ಇಡೀ ಹಂಗಾಮೇ ಒಂದು ದಿನ ಹಿಂದೆ ಹೋಗುತ್ತದೆ. ಚೀಟಿ ನೋಡಿ ಎಂಟ್ರಿ ಮಾಡಿದ್ದು ಅಂದಿರಲ್ಲ, ಹಾಗಾದರೆ ಅಲ್ಲಿರುವುದು ಚೀಟಿಯ ತಾರೀಖೇ, ಅದನ್ನೇ ಹಾಗೇ ನಕಲು ಮಾಡಿ. ಮೊದಲು ಬ್ಯಾಕಪ್.

ಇನ್ನು ಕಾರ್ಖಾನಿ_ದಿನ ಕಾಲಂನ ಟೈಪ್ ಡೇಟ್ ಆದ್ದರಿಂದ ಅದರ ಮೇಲೆ ಬಿಟ್ವೀನ್ ಹಾಕಿದರೂ ಸರಿಯಾಗಿಯೇ ಬರುತ್ತದೆ, ಅಲ್ಲಿ ಗಂಟೆ ಅನ್ನುವುದೇ ಇಲ್ಲ. ಆದರೂ ನಾನಾದರೆ >= ಮತ್ತು < ಬರೆಯುತ್ತೇನೆ. ಹಠ ಅಂತಲೇ ಇಟ್ಟುಕೊಳ್ಳಿ.


ಲೆಕ್ಕದಕ್ಕ · ಗುರುವಾರ, ರಾತ್ರಿ 9:50

14 ದಿನ ಎಣಿಸುವ ರಿಪೋರ್ಟಿಗೂ ಇದೇ ಕಾಲಂ ಇಟ್ಟುಕೊಳ್ಳಿ ತಮ್ಮಾ. ದಿನ ಎಣಿಸುವ ಡೇಟ್‌ಡಿಫ್‌ಗೆ ಸಮಯದ ಕಾಲಂ ಕೊಡಬೇಡಿ.


ಸೊನ್ನೆ_ಒಂದು · ಗುರುವಾರ, ರಾತ್ರಿ 10:20

ಅಕ್ಕ ಹೇಳಿದ್ದು ಟ್ರೈ ಮಾಡ್ದೆ. ಡೇಟ್‌ಡಿಫ್(ಡೇ) ರಾತ್ರಿ 11:59ರಿಂದ 12:01ಕ್ಕೆ ಒಂದು ದಿನ ಅಂತ ಕೊಡುತ್ತೆ, ನಡುರಾತ್ರಿ 12:01ರಿಂದ ಅದೇ ದಿನ ರಾತ್ರಿ 11:59ಕ್ಕೆ ಸೊನ್ನೆ! ಅದು ಎಣಿಸೋದು ಎಷ್ಟು ಮಧ್ಯರಾತ್ರಿ ದಾಟಿತು ಅಂತ, ಎಷ್ಟು ಗಂಟೆ ಆಯ್ತು ಅಂತಲ್ಲ. ಆಫೀಸಿನ 103 ರಿಪೋರ್ಟ್‌ಗಳ ಲಿಸ್ಟ್ ಟೀಮ್ ಲೀಡ್‌ಗೆ ಕೊಟ್ಟಿದ್ದೀನಿ, ಇನ್ನೂ ಉತ್ತರ ಬಂದಿಲ್ಲ.


ಪುಸ್ತಕದ_ಹುಳು · ಭಾನುವಾರ, ಬೆಳಿಗ್ಗೆ 11:00

ತಡವಾಗಿ ಬಂದೆ. ನಮ್ಮ ಕಾಲೇಜು ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು-ತಗೊಳ್ಳುವ ಲೆಕ್ಕ ಇನ್ನೂ ಎಂಎಸ್ ಆ್ಯಕ್ಸೆಸ್‌ನಲ್ಲೇ ಇದೆ. ಅಲ್ಲೂ ಕೊನೆಯ ದಿನ ಬರ್ತಿಲ್ಲ. ಇದೇ ಪರಿಹಾರವೇ?


ಕರಾವಳಿ_ಕೋಡರ್ · ಭಾನುವಾರ, ಮಧ್ಯಾಹ್ನ 12:30

ಇದೇ. ಆ್ಯಕ್ಸೆಸ್ ತಾರೀಖನ್ನು ಒಂದು ದಶಮಾಂಶ ಸಂಖ್ಯೆಯಾಗಿ ಇಡ್ತದೆ, ಎಣಿಕೆ 1899ರ ಡಿಸೆಂಬರ್ 30ರಿಂದ. ಪೂರ್ಣಾಂಕ ದಿನ, ಚುಕ್ಕಿಯ ನಂತರದ್ದು ಸಮಯ, ಮಧ್ಯಾಹ್ನ 12 ಅಂದ್ರೆ .5. ಕೊಟ್ಟ_ದಿನ >= #2024-01-01# ಮತ್ತು < #2024-02-01# ಅಂತ ಹಾಕಿ. ಎಸ್‌ಕ್ಯೂಎಲ್ ವ್ಯೂನಲ್ಲಿ #02/01/2024# ಬರೆದ್ರೆ ಅಮೆರಿಕದ ಕ್ರಮದಲ್ಲಿ ಫೆಬ್ರವರಿ 1 ಅಂತ ಓದ್ತದೆ, ನಿಮ್ಮ ಕಂಪ್ಯೂಟರಿನಲ್ಲಿ ದಿನ ಮೊದಲು ಬರುವ ಸೆಟ್ಟಿಂಗ್ ಇದ್ದರೂ. ಹಾಗಾಗಿ ವರ್ಷ ಮೊದಲು ಬರೆಯಿರಿ.

ಟೇಬಲ್‌ನ ಡಿಸೈನ್ ವ್ಯೂ ತೆರೆದು ಕೊಟ್ಟ_ದಿನದ ಡಿಫಾಲ್ಟ್ ವ್ಯಾಲ್ಯೂ ನೋಡಿ, ನೌ() ಅಂತ ಇರಬಹುದು. ಪುಸ್ತಕ ಎಷ್ಟು ಗಂಟೆಗೆ ಕೊಟ್ಟಿರಿ ಅಂತ ನಿಮಗೆ ಬೇಡವಾದ್ರೆ ಅದನ್ನು ಡೇಟ್() ಮಾಡಿಬಿಡಿ, ಇನ್ನು ಮುಂದಿನ ಸಾಲುಗಳಿಗೆ ಸಮಯವೇ ಅಂಟುವುದಿಲ್ಲ. ಹಳೆಯ ಸಾಲುಗಳಿಗೆ ಡೇಟ್‌ವ್ಯಾಲ್ಯೂ() ಬಳಸಿ ಒಂದು ಅಪ್‌ಡೇಟ್ ಕ್ವೆರಿ ಸಾಕು, ಫೈಲಿನ ಒಂದು ಕಾಪಿ ತೆಗೆದಿಟ್ಟುಕೊಂಡು ಮಾಡಿ. ತಾರೀಖು ಖಾಲಿ ಇರುವ ಸಾಲಿದ್ದರೆ ಮಾತ್ರ ಅದು ಎರರ್ ಕೊಡ್ತದೆ, ಅವನ್ನು ಈಸ್ ನಾಟ್ ನಲ್ ಹಾಕಿ ಹೊರಗಿಡಿ.